ಸೀನು ಮಟ್ಟ ಮಾಡಿದ ಸಂತೂರು

ವಿಶ್ರುತ್ ಮೇಲೆ ಸೀನುವಿಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕೆಲಸ ಕೊಡುವವನು ಕೆಲಸ ಏನೆಂದು ಪೂರ್ತಿ ಹೇಳಬೇಕು. ಅರ್ಧ ಹೇಳಿ ಅರ್ಧ ನುಂಗಿಕೊಂಡು, ಕಾರಿನ ಗಾಜು ಏರಿಸಿಕೊಂಡು ಹೊರಟುಬಿಟ್ಟರೆ, ಆಮೇಲೆ ಆಗುವ ಅನಾಹುತಕ್ಕೆಲ್ಲ ಪಾಲಿಷ್‌ನವನೊಬ್ಬನೇ ತಲೆ ಕೊಡಬೇಕೇ? ಹನುಮಂತನಗರದ ಪಕ್ಕದ ಶ್ರೀನಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿರುವ ಅವನ ಅಂಗಡಿಯ ಮುಂದೆ ಪರಿಚಯದವರು ಯಾರಾದರೂ ನಿಂತರೆ ಸಾಕು, ಕೈಯಲ್ಲಿದ್ದ ಬಟ್ಟೆಯನ್ನು ಸ್ಪಿರಿಟ್ ಬಟ್ಟಲಿಗೆ ಎಸೆದು ಅದನ್ನೇ ಶುರು ಮಾಡುತ್ತಾನೆ.

“ಪೆಟ್ಟಿಗೆ ತಂದು ಇಟ್ಟ. ‘ಅಲ್ಲಾಡೋದು ಗಿಲ್ಲಾಡೋದು ಏನಿದ್ರೂ ಸರಿ ಮಾಡಿ, ಹೊಸದರ ಥರ ಫಳಫಳ ಅನ್ಬೇಕು’ ಅಂದ. ಇನ್ನೊಂದು ಮಾತಾಡ್ಲಿಲ್ಲ. ಮಧ್ಯದಲ್ಲಿ ಅನುಮಾನ ಬಂದು ಫೋನ್ ಮಾಡಿದ್ರೆ ಏನಂದ ಗೊತ್ತಾ? ‘ಮೀಟಿಂಗ್‌ನಲ್ಲಿದೀನಿ ಗುರು, ನೀವು ಎಕ್ಸ್‌ಪರ್ಟು, ನಿಮಗೆ ಗೊತ್ತಿರುತ್ತೆ.’ ತಂತಿ ಕೆಳಗಿನ ಆ ಕುದುರೆಗಳನ್ನ ಮುಟ್ಬೇಡಿ ಅಂತ ಒಂದೇ ಒಂದು ಮಾತು ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು?”

ಕೇಳುವವರು ಹೌದೌದು ಎನ್ನುತ್ತಾರೆ. ಇಷ್ಟು ಹೇಳಿದ ಮೇಲೆ ಸೀನು ಸುಮ್ಮನಾಗುತ್ತಾನೆ. ಮುಂದಿನದನ್ನು ಅಂಗಡಿಯ ಮುಂದೆ ನಿಂತು ಹೇಳುವಂತಿಲ್ಲ. ವಿಶ್ರುತ್ ಒಂದು ಮಾತು ಹೇಳದೆ ಹೋದ, ನಿಜ. ಸೀನು ಒಂದು ಮಾತು ಹೇಳಿಬಿಟ್ಟ, ಅದೂ ನಿಜ. ಎರಡರಲ್ಲಿ ಯಾವುದು ಹೆಚ್ಚು ಕೆಡಿಸಿತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿದೆ.

ಸೀನು ಯಡಿಯೂರಿನವನು. ಸುತ್ತ ಜಯನಗರ ಬೆಳೆದು ನಿಂತ ಮೇಲೂ ಊರಾಗಿಯೇ ಉಳಿದಿದ್ದ ಕೆರೆ ಹಿಂದಿನ ನಾಲ್ಕು ಬೀದಿಗಳಲ್ಲಿ ಹುಟ್ಟಿದವನು. ಅಪ್ಪ ಯಲ್ಲಯ್ಯ ಜಯನಗರದ ಬ್ಲಾಕುಗಳ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದ. ಆರನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ಇವನನ್ನು “ಏಯ್ ಸುಣ್ಣದ ಡಬ್ಬ” ಎಂದು ಕರೆದರು. ಇವನು ಪುಸ್ತಕದ ಚೀಲವನ್ನು ಮೇಷ್ಟ್ರ ಮೇಜಿನ ಮೇಲೆ ಕುಕ್ಕಿ ಮನೆಗೆ ಬಂದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಯಲ್ಲಯ್ಯ ಎರಡು ಬಾರಿಸಿ, ಕೈಹಿಡಿದು ಎಳೆದುಕೊಂಡು ಹೋಗಿ ಚಾಮರಾಜಪೇಟೆಯ ಗುರುಶಾಂತಪ್ಪ ಮೇಸ್ತ್ರಿಯ ಹತ್ತಿರ ಪಾಲಿಷ್ ಕೆಲಸಕ್ಕೆ ಬಿಟ್ಟ.

ಮೇಸ್ತ್ರಿ ಕಲಿಸಿದ್ದು ಮುಖ್ಯವಾಗಿ ಒಂದೇ. ಮರವನ್ನು ಉಜ್ಜಿದ ಮೇಲೆ ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಬೇಕು. ಕೈಗೆ ಏರುತಗ್ಗು ಸಿಕ್ಕಿತೋ, ಕೆಲಸ ಮುಗಿದಿಲ್ಲ. “ಬಣ್ಣ ಕಣ್ಣಿಗೆ ಮೋಸ ಮಾಡುತ್ತೆ ಕಣಲಾ, ಮಟ್ಟ ಮೋಸ ಮಾಡಲ್ಲ” ಎನ್ನುತ್ತಿದ್ದರು. ಸೀನು ಅದನ್ನು ದೇವರ ವಾಕ್ಯದಂತೆ ಹಿಡಿದುಕೊಂಡ. ಬನಶಂಕರಿ, ಜೆ.ಪಿ. ನಗರ, ಹನುಮಂತನಗರದ ಹಳೇ ಮನೆಗಳ ತೂಗುಮಣೆ, ದೇವರ ಮಂಟಪ, ತೇಗದ ಬಾಗಿಲು ಎಲ್ಲಕ್ಕೂ ಅವನ ಕೈಯೇ ಆಗಬೇಕು ಎನ್ನುವವರಿದ್ದಾರೆ. ಹಾಗೆ ಅನ್ನುವವರೇ ಅವನ ಬಾಯಿಗೆ ಹೆದರುತ್ತಾರೆ ಕೂಡ. ಸೀನಣ್ಣನ ಕೈ ಬೆಣ್ಣೆ, ಬಾಯಿ ಸ್ಪಿರಿಟ್ಟು, ಕಡ್ಡಿ ಗೀರಿದರೆ ಭಗ್ ಅನ್ನುತ್ತೆ ಎಂಬುದು ಆ ರಸ್ತೆಯ ಮಾತು.

ವಿಶ್ರುತ್ ತಂದ ಪೆಟ್ಟಿಗೆ ಅವನ ಸೋದರಮಾವ ಚಿದಾನಂದ್ ಅವರದು. ಜಯನಗರದಲ್ಲಿ ತಂಗಿ, ಅಂದರೆ ವಿಶ್ರುತ್‌ನ ತಾಯಿ ಪಂಕಜಾ ಅವರ ಮನೆಯ ಕೆಳಗಿನ ಭಾಗದಲ್ಲಿ ಇರುವವರು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಗ ಎರಡು ವರ್ಷ ಜಮ್ಮುವಿಗೆ ವರ್ಗವಾಗಿತ್ತಂತೆ. ಬೇರೆಯವರು ಅಲ್ಲಿಂದ ಶಾಲು, ಅಕ್ರೋಟು ತಂದರೆ ಇವರು ಸಂತೂರು ತಂದರು. ಅದನ್ನು ನುಡಿಸುವ ವಿದ್ಯೆಯನ್ನೂ ಒಬ್ಬ ಮುದುಕರ ಮುಂದೆ ಕೂತು ಕಲಿತು ತಂದರು. ಇಲ್ಲಿಗೆ ಬಂದು ಅದರ ಮೇಲೆ ನಮ್ಮ ಕೃತಿಗಳನ್ನು ನುಡಿಸತೊಡಗಿದಾಗ ಸಂಗೀತದವರು ಮೂಗು ಮುರಿದರು. ಕಡ್ಡಿಯಲ್ಲಿ ತಂತಿ ಹೊಡೆದರೆ ಸ್ವರ ತೂಗುವುದು ಹೇಗೆ, ಗಮಕ ಎಲ್ಲಿಂದ ಬಂತು ಎಂದರು. ಚಿದಾನಂದ್ ಜಗಳಕ್ಕೆ ಹೋಗಲಿಲ್ಲ. ಹೊಡೆದ ಕಡ್ಡಿಯನ್ನು ತಂತಿಯ ಮೇಲೇ ನವಿರಾಗಿ ಜಾರಿಸಿ ತಮಗೆ ಬೇಕಾದ ತೂಗಾಟವನ್ನು ತಾವೇ ಹುಡುಕಿಕೊಂಡರು. ರಾಮನವಮಿಯಲ್ಲಿ ಯಡಿಯೂರು ಕೆರೆಯ ಹತ್ತಿರದ ಪೆಂಡಾಲಿನಲ್ಲಿ ಸಂಜೆಯ ಮೊದಲ ಕಛೇರಿ ಅವರದೇ. ಪಾನಕ ಕುಡಿಯಲು ಬಂದವರು ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಡುತ್ತಿದ್ದರು.

ಅಂಗಡಿ ಹಾಕಿದ ಮೇಲೆ ಆ ಪೆಂಡಾಲಿನ ಕಡೆ ಹೋಗದ ಸೀನುವಿಗೆ ಇದ್ಯಾವುದೂ ಆಗ ಗೊತ್ತಿರಲಿಲ್ಲ. ಚಿದಾನಂದ್ ಮೈಸೂರಿನಲ್ಲಿ ತಮ್ಮ ಶಿಷ್ಯೆ ಧೃತಿಯ ಮನೆಗೆ ಹೋಗಿದ್ದಾಗ, ಮಾವನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಸರ್‌ಪ್ರೈಸ್ ಎಂದು ವಿಶ್ರುತ್ ಪೆಟ್ಟಿಗೆಯನ್ನು ತಂದು ಅಂಗಡಿಯಲ್ಲಿಟ್ಟಿದ್ದ. ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಮೇಲೆ ನೂರರ ಹತ್ತಿರ ತಂತಿ. ತಂತಿಗಳ ಅಡಿಯಲ್ಲಿ ಸಾಲಾಗಿ ಹೆಬ್ಬೆರಳಿನಷ್ಟು ಎತ್ತರದ ಮರದ ತುಂಡುಗಳು. ವೀಣೆಗೆ ತಂತಿ ಹೊರಲು ಇರುತ್ತದಲ್ಲ, ಅಂಥವೇ ಕುದುರೆಗಳು.

ಪಾಲಿಷ್ ಹಿಡಿಸಬೇಕಾದರೆ ತಂತಿ ಸಡಿಲಿಸಲೇಬೇಕು. ಸೀನು ಬಿರಡೆ ತಿರುಗಿಸುತ್ತ ಹೋದಂತೆ ಕುದುರೆಗಳು ಒಂದೊಂದಾಗಿ ಮಗುಚಿಕೊಂಡವು. ಅವನು ಬೆಚ್ಚಿದ. ಅಂಟೂ ಇಲ್ಲ, ಮೊಳೆಯೂ ಇಲ್ಲ. ಒಂದನ್ನು ಎತ್ತಿ ಅಡಿ ನೋಡಿದ. ಒಂದು ಮೂಲೆ ಕೆತ್ತಿ, ಇನ್ನೊಂದು ಮೂಲೆ ಬಿಟ್ಟು, ಇಲಿ ಕಡಿದ ಹಾಗಿತ್ತು. ಇನ್ನೊಂದನ್ನು ನೋಡಿದ, ಅದರ ಓರೆ ಬೇರೆ. ಒಂದರಂತೆ ಒಂದಿಲ್ಲ. ಯಾವನೋ ಬಡಗಿ ಮೇಲೆ ಕೆತ್ತನೆ ಮಾಡಿ, ಕಾಣದ ಕಡೆ ಕೈಗೆ ಬಂದ ಹಾಗೆ ಬಿಟ್ಟಿದ್ದಾನೆ ಎಂದು ಅವನಿಗೆ ಸಿಟ್ಟೇ ಬಂತು. ವಿಶ್ರುತ್‌ಗೆ ಫೋನ್ ಮಾಡಿದ್ದು ಆಗಲೇ. ಎಕ್ಸ್‌ಪರ್ಟು ಎಂಬ ಮಾತು ಬಿದ್ದದ್ದೂ ಆಗಲೇ.

ಆ ಮಾತು ತಲೆಗೇರಿತು. ಕನ್ನಡಿ ಗಾಜಿನ ಮೇಲೆ ಸಣ್ಣ ಉಪ್ಪು ಕಾಗದ ಹರಡಿ, ಪ್ರತಿಯೊಂದು ಕುದುರೆಯ ಅಡಿಯನ್ನೂ ಉಜ್ಜಿ ಉಜ್ಜಿ ಮಟ್ಟ ಮಾಡಿದ. ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಕಣ್ಣು ಮುಚ್ಚಿ ಬೆರಳಾಡಿಸಿದ. ಒಂದು ಕೂದಲಿನಷ್ಟೂ ಏರುತಗ್ಗಿಲ್ಲ. ಹಸಿಮರ ಕಾಣದಂತೆ ಅಡಿಗೂ ಬಣ್ಣ ಕೊಟ್ಟ. ಹಲಗೆಯ ಮೇಲೆ ಧೂಳು ಕೂತು ಮೂಡಿದ್ದ ಗುರುತುಗಳ ಮೇಲೆ ಒಂದೊಂದನ್ನೇ ಇಟ್ಟು ತಂತಿ ಬಿಗಿದ. ಯಾವ ಗುರುತಿಗೆ ಯಾವ ಕುದುರೆ ಎಂದು ಯೋಚಿಸಲಿಲ್ಲ. ಎಲ್ಲ ಒಂದೇ ಸಮ ಇದ್ದ ಮೇಲೆ ಯಾವುದಾದರೇನು?

ವಿಶ್ರುತ್ ನೋಡಿ, “ಸಖತ್ ಗುರು” ಎಂದ. ಫೋಟೋ ಹೊಡೆದುಕೊಂಡ. ಸೀನು ಅವತ್ತು ಮನೆಗೆ ಹೋಗುವಾಗ ಹೆಂಡತಿ ಶಾಲಿನಿಗೆಂದು ಕನಕಾಂಬರ ಕೊಂಡ.

ಸ್ವಲ್ಪ ದಿನ ಕಳೆದ ಮೇಲೆ ಚಿದಾನಂದ್ ತಾವೇ ಅಂಗಡಿಗೆ ಬಂದರು. ಆ ಗಳಿಗೆಯೇ ಕೆಟ್ಟದ್ದು. ಸೋಮನಾಥ್ ಎಂಬ ಗಿರಾಕಿ ಸೋಫಾದ ಕಾಲಿಗೆ ಗೀರು ಬಿದ್ದಿದೆ ಎಂದು ತಗಾದೆ ತೆಗೆದಿದ್ದ. ಗೀರು ಅವನ ಮನೆಯ ನಾಯಿಯದು ಎಂದು ಸೀನು. ನಮ್ಮ ನಾಯಿ ಅಂಥದ್ದಲ್ಲ ಎಂದು ಸೋಮನಾಥ್.

“ಅಂಥದ್ದಲ್ಲ ಅಂದ್ರೆ? ನಿಮ್ಮ ನಾಯಿಗೆ ಉಗುರಿಲ್ವಾ?”

“ಮರ್ಯಾದೆ ಕೊಟ್ಟು ಮಾತಾಡಪ್ಪ.”

“ನಾಯಿಗಾ?”

ಅಕ್ಕಪಕ್ಕದ ಅಂಗಡಿಯವರು ನಗುತ್ತಿದ್ದರು. ಸೋಮನಾಥ್ ಕೆಂಪಗಾಗಿ ಹೊರಟುಹೋದ. ಸೀನುವಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಷ್ಟರವರೆಗೆ ಛತ್ರಿ ಊರಿಕೊಂಡು ಒಂದು ಪಕ್ಕ ನಿಂತಿದ್ದ ಚಿದಾನಂದ್ ಮೆಲ್ಲಗೆ ಮುಂದೆ ಬಂದು, ತಾವು ಯಾರು, ಮನೆ ಎಲ್ಲಿ ಎಂದು ಹೇಳಿಕೊಂಡು, ಪಾಲಿಷ್ ಬಹಳ ಚೆನ್ನಾಗಿ ಬಂದಿದೆ ಎಂದರು. ಆಮೇಲೆ, “ಒಂದು ಕೇಳ್ಬೇಕಿತ್ತು. ತಪ್ಪು ತಿಳ್ಕೋಬೇಡಿ. ಸಂಜೆ ಶ್ರುತಿ ಮಾಡಿ ಇಡ್ತೀನಿ, ಬೆಳಿಗ್ಗೆ ಎಲ್ಲಾ ಜಾರಿರುತ್ತೆ. ಹಿಂದೆ ಹಿಂಗಾಗ್ತಿರ್ಲಿಲ್ಲ. ಕುದುರೆಗಳ ಅಡಿ ಏನಾದ್ರೂ ಉಜ್ಜಿದ್ರಾ ನೀವು?” ಎಂದು ಕೇಳಿದರು.

ಅಕ್ಕಪಕ್ಕದವರು ಇನ್ನೂ ಇತ್ತಲೇ ನೋಡುತ್ತಿದ್ದರು. ಒಂದೇ ಬೆಳಿಗ್ಗೆ ಎರಡನೇ ದೂರು. ಉಜ್ಜಿದೆ ಎಂದರೆ ಏನಾಗುತ್ತದೆ ಎಂದು ಯೋಚಿಸುವಷ್ಟೂ ಅವನು ನಿಲ್ಲಲಿಲ್ಲ.

“ನಾನ್ಯಾಕ್ ಉಜ್ಜಲಿ ಸಾರ್? ತೆಗ್ದೆ, ಧೂಳು ಒರೆಸ್ದೆ, ಹೆಂಗಿತ್ತೋ ಹಂಗೇ ಇಟ್ಟೆ. ಪೆಟ್ಟಿಗೆ ಸರಿಯಾಗೇ ಐತೆ. ವಯಸ್ಸಾಯ್ತಲ್ಲ, ಮೊದ್ಲು ಹೋಗಿ ಕಿವಿ ತೋರಿಸ್ಕೊಳ್ಳಿ.”

ಚಿದಾನಂದ್ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. “ಹೌದು, ಅದೂ ಇರಬಹುದು” ಎಂದರು. ರಸ್ತೆಯ ಅಂಚು ಹಿಡಿದು ನಿಧಾನವಾಗಿ ನಡೆದು ಹೋದರು.

ರಾತ್ರಿ ಊಟಕ್ಕೆ ಕೂತಾಗ ಸೀನು ಬೆಳಗಿನ ಶೌರ್ಯವನ್ನೆಲ್ಲ ಹೆಂಡತಿಗೆ ಹೇಳಿದ. ನಾಯಿಯ ಕಥೆಗೆ ಶಾಲಿನಿ ನಕ್ಕಳು. ಎರಡನೆಯದಕ್ಕೆ ನಗಲಿಲ್ಲ.

“ನೀನು ಉಜ್ಜಿದ್ದೆ ಅಲ್ವಾ?”

“ಉಜ್ಜಿದ್ದೆ. ಸರಿ ಮಾಡಿದ್ದೆ ಕಣೇ ಅದನ್ನ.”

“ಮತ್ತೆ ಇಲ್ಲ ಅಂತ ಯಾಕಂದೆ?”

ಅವನು ಸಾರು ಜಾಸ್ತಿ ಉಪ್ಪಾಗಿದೆ ಎಂದು ರೇಗಿ ಎದ್ದ. ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು.

ಆದರೂ ಅದನ್ನು ಅವನು ಮರೆಯುತ್ತಿದ್ದನೇನೋ. ಮಾತಿನಲ್ಲಿ ಸುಳ್ಳಿತ್ತು, ಕೆಲಸದಲ್ಲಿ ತಪ್ಪಿಲ್ಲ ಎಂಬ ಧೈರ್ಯ ಇತ್ತು. ಆ ಧೈರ್ಯ ಹೋದದ್ದು ಮಳೆಗಾಲ ಕಳೆದ ಮೇಲೆ, ಗೊಟ್ಟಿಗೆರೆಯಲ್ಲಿ.

ಅಲ್ಲಿ ಪದ್ಮಶ್ರೀ ಎಂಬವರು ಸಂಗೀತ ಹೇಳಿಕೊಡುತ್ತಾರೆ. ಒಂದು ಹಳೇ ಸಾಮಾನಿಗೆ ಪಾಲಿಷ್ ಬೇಕೆಂದು ಕರೆದಿದ್ದರು. ಸೀನು ಹೋದಾಗ ನಡುಮನೆಯ ಮಧ್ಯೆ ನಾಲ್ಕು ಕಾಲಿನ ದೊಡ್ಡ ಮೇಜು. ಅವರು ಕೊಟ್ಟ ಟೀಯನ್ನು ಅದರ ಮೇಲಿಟ್ಟು, “ಈ ಟೇಬಲ್ಲಾ ಮೇಡಂ?” ಎಂದ.

“ಟೇಬಲ್ ಅಲ್ಲ. ಮೊದ್ಲು ಆ ಗ್ಲಾಸ್ ತಗೊಳ್ಳಿ.”

ಮೇಲಿನ ಮುಚ್ಚಳ ಎತ್ತಿದರು. ಒಳಗೆ ತಂತಿಗಳು, ಸಾಲು ಸಾಲು. ಸೀನುವಿಗೆ ಎಲ್ಲೋ ನೋಡಿದ ಮುಖ ನೋಡಿದಂತಾಯಿತು.

“ಸಿಂಬಲೊಮ್ ಅಂತಾರೆ. ಹಂಗೆರಿಯದು. ನಾನು ಅಲ್ಲಿದ್ದಾಗ ಕಲಿತದ್ದು.” ತುದಿಗೆ ಹತ್ತಿ ಸುತ್ತಿದ್ದ ಎರಡು ಕಡ್ಡಿ ತೆಗೆದುಕೊಂಡು ನುಡಿಸಿದರು. ದೊಡ್ಡ ತಪ್ಪಲೆಯೊಳಗೆ ಮಳೆ ಸುರಿದಂತೆ ನಾದ ಮನೆಯೆಲ್ಲ ತುಂಬಿತು. ಕಾಲಿನಲ್ಲಿ ಏನನ್ನೋ ಒತ್ತಿದರು. ಗಕ್ಕನೆ ನಿಂತಿತು.

“ಇದು ನಮ್ಮ ಸಂತೂರಿನ ಥರ ಅಲ್ವಾ?” ಎಂದ ಸೀನು.

ಪದ್ಮಶ್ರೀ ಮುಖ ಅರಳಿತು. “ಅಣ್ಣತಮ್ಮಂದಿರು ಅನ್ಕೊಳ್ಳಿ. ಕಾಶ್ಮೀರದವರು ಬರೀ ಮರದ ಕಡ್ಡೀಲಿ ಹೊಡೀತಾರೆ, ಅದಕ್ಕೇ ಅದು ಚಿಟಚಿಟ ಅಂತ ಚುರುಕು. ಇವರು ಹತ್ತಿ ಸುತ್ಕೊಳ್ತಾರೆ. ಇರಾನ್‌ನಲ್ಲೂ ಇದೆ. ಜರ್ಮನಿ ಕಡೆ ಬೆಟ್ಟದ ಹಳ್ಳಿಗಳಲ್ಲೂ ಇದೆ, ಮದುವೆ ಕುಣಿತಕ್ಕೆ ಬಾರಿಸ್ತಾರೆ. ಪಿಯಾನೋ ಇಲ್ವಾ, ಅದರ ಒಳಗೂ ಸುತ್ತಿಗೆ ತಂತಿಗೆ ಹೊಡೆಯೋದೇ ತಾನೇ.” ಆಮೇಲೆ ಕೆಲಸದ ಮಾತಿಗೆ ಬಂದರು. “ಹೊರಗಿನ ಮೈಗೆ ಮಾತ್ರ ಪಾಲಿಷ್. ತಂತಿ ಸಡಿಲಿಸೋ ಹಾಗಿಲ್ಲ, ಕುದುರೆ ಮುಟ್ಟೋ ಹಾಗಿಲ್ಲ.”

“ಯಾಕ್ ಮೇಡಂ?”

“ಅಂಟು ಹಾಕಿರಲ್ಲ ಅವಕ್ಕೆ. ತಂತಿಯ ಭಾರದಲ್ಲೇ ನಿಂತಿರ್ತವೆ. ಹಲಗೆ ನೋಡೋಕೆ ಮಟ್ಟ, ಆದ್ರೆ ಮಟ್ಟ ಅಲ್ಲ, ಎಲ್ಲೋ ಉಬ್ಬಿರುತ್ತೆ, ಎಲ್ಲೋ ತಗ್ಗಿರುತ್ತೆ. ಅದು ಕೂರೋ ಜಾಗ ನೋಡ್ಕೊಂಡು ಒಂದೊಂದರ ಅಡೀನೂ ಬೇರೆ ಬೇರೆ ಕೆತ್ತಿರ್ತಾರೆ. ಸಂತೂರೂ ಹಂಗೇ.”

ಸೀನುವಿನ ಕೈಯಲ್ಲಿದ್ದ ಟೀ ಆರಿತ್ತು. “ಯಾರಾದ್ರೂ ಎಲ್ಲಾನೂ ಒಂದೇ ಸಮ ಮಟ್ಟ ಮಾಡ್ಬಿಟ್ರೆ?”

“ಯಾರ್ ಮಾಡ್ತಾರೆ ಹಂಗೆ?”

“ಸುಮ್ನೆ ಕೇಳ್ದೆ.”

“ಕುದುರೆ ಅಲ್ಲಾಡ್ತಾ ಇರುತ್ತೆ, ಕಣ್ಣಿಗೆ ಕಾಣಲ್ಲ. ಶ್ರುತಿ ನಿಲ್ಲಲ್ಲ. ರಾತ್ರಿ ಸರಿ ಮಾಡಿಟ್ಟದ್ದು ಬೆಳಿಗ್ಗೆ ಜಾರಿರುತ್ತೆ. ಒಂದು ಸಲ ಮಳೆಗೆ ಹಲಗೆ ಉಬ್ಬಿ ನನಗೂ ಹಂಗಾಗಿತ್ತು. ನನ್ನ ಕಿವೀನೇ ಕೆಟ್ಟೋಯ್ತು ಅಂತ ಕೂತು ಅತ್ತಿದೀನಿ.”

ಸೀನು ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ನಾಳೆ ಬರ್ತೀನಿ ಮೇಡಂ ಎಂದ. ಬನ್ನೇರುಘಟ್ಟ ರಸ್ತೆಯ ಜಾಮ್‌ನಲ್ಲಿ ಅವನ ಸ್ಕೂಟರಿಗೆ ಒಬ್ಬ ಆಟೋದವನು ಹಿಂದಿನಿಂದ ತಾಗಿಸಿ, ತಾನೇ ಬೈದ. ಸೀನು ತಿರುಗಿ ನೋಡಲೂ ಇಲ್ಲ. ಇಲಿ ಕಡಿದ ಹಾಗಿದ್ದ ಆ ಅಡಿಗಳು ಕಣ್ಣ ಮುಂದೆ ಬರುತ್ತಿದ್ದವು. ಯಾವನೋ ಸೋಮಾರಿ ಬಡಗಿಯದಲ್ಲ ಅದು. ಚಿದಾನಂದ್ ತಾವೇ, ವರ್ಷ ವರ್ಷ, ಒಂದೊಂದಾಗಿ ಕೂರಿಸಿ ನೋಡಿ, ಕೇಳಿ, ಮತ್ತೆ ಕೆತ್ತಿ ಕೂರಿಸಿದ್ದಿರಬೇಕು. ಅದನ್ನು ಇವನು ಒಂದು ಮಧ್ಯಾಹ್ನದಲ್ಲಿ ಉಜ್ಜಿ ಪುಡಿ ಮಾಡಿ ಗುಡಿಸಿ ಹಾಕಿದ್ದ. ಅದಾದರೂ ತಿಳಿಯದೆ ಆದದ್ದು. ಕಿವಿ ತೋರಿಸಿಕೊಳ್ಳಿ ಎಂದದ್ದು?

ನೇರ ಜಯನಗರಕ್ಕೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದ. ಬಾಗಿಲು ತೆಗೆದ ಚಿದಾನಂದ್ ಎರಡು ಕಿವಿಯಲ್ಲೂ ಸಣ್ಣ ಮಿಷಿನ್ ಇಟ್ಟುಕೊಂಡಿದ್ದರು. ಇವನನ್ನು ಕಂಡದ್ದೇ ಕೈಹಿಡಿದು ಒಳಗೆ ಕರೆದು ಕೂರಿಸಿದರು.

“ಪಂಕಜಾ, ನೋಡಮ್ಮ ಯಾರು ಬಂದ್ರು ಅಂತ. ನಾನು ಹೇಳ್ತಿದ್ನಲ್ಲ, ಪಾಲಿಷ್ ಮಾಡಿದವರು. ಕಾಫಿ ಕೊಡು.” ಸೀನುವಿನ ಕಡೆ ತಿರುಗಿ, “ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಮನೆಯವರು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನೀವು ಮುಖ ನೋಡದೆ ಹೇಳಿದ್ರಿ. ಹೋಗಿ ತೋರಿಸಿದೆ. ಎರಡೂ ಕಿವಿ ಮಂದ ಆಗಿದೆ ಅಂದ್ರು ಡಾಕ್ಟ್ರು. ಗ್ರಾಫ್ ಹಾಕಿ ತೋರಿಸಿದ್ರು” ಎಂದರು.

ಎಪ್ಪತ್ತೈದು ದಾಟಿದ ಯಾರ ಕಿವಿ ಮಂದವಾಗಿರುವುದಿಲ್ಲ? ಸೀನು ಹಾಗೆ ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಕಣ್ಣು ಗೋಡೆಯ ಕಡೆ ಹೋಯಿತು. ಅಲ್ಲಿ ಸಂತೂರು ಇಡುವ ಮಣೆ ಖಾಲಿ ಇತ್ತು.

“ಅದನ್ನ ಮೈಸೂರಿಗೆ ಕಳಿಸ್ಬಿಟ್ಟೆ, ನಮ್ಮ ಧೃತಿಗೆ” ಎಂದರು ಚಿದಾನಂದ್, ಇವನ ಕಣ್ಣು ಹೋದ ಕಡೆ ನೋಡಿ. “ಈ ಮಿಷಿನ್ ಹಾಕ್ಕೊಂಡ್ರೆ ಮಾತು ಚೆನ್ನಾಗಿ ಕೇಳುತ್ತೆ, ಸಂತೂರು ಮಾತ್ರ ತಗಡಿನ ಡಬ್ಬ ಬಡಿದ ಹಾಗೆ. ನಮ್ಮ ಗುರುಗಳು ಹೇಳ್ತಿದ್ರು, ಶ್ರುತಿ ಹಿಡಿಯೋಕಾಗದವನು ಕಡ್ಡಿ ಹಿಡೀಬಾರದು ಅಂತ. ಸುಳ್ಳು ಶ್ರುತಿಯಲ್ಲಿ ನುಡಿಸಿ ಜನರ ಮುಂದೆ ಅಪಹಾಸ್ಯ ಆಗೋದನ್ನ ನೀವು ತಪ್ಪಿಸಿದ್ರಿ.”

ಪಂಕಜಾ ಕಾಫಿ ತಂದರು. ಬಿಸಿಯಾಗಿತ್ತು. ಸೀನು ಅದನ್ನು ಒಂದೇ ಉಸಿರಿಗೆ ಕುಡಿದು ನಾಲಿಗೆ ಸುಟ್ಟುಕೊಂಡು ಎದ್ದ. ಬಾಗಿಲ ಹತ್ತಿರ ನಿಂತು, “ನಿಮ್ಮ ಈ ಬಾಗಿಲು ಬಣ್ಣ ಹೋಗಿದೆ ಸಾರ್, ನಾನು ಮಾಡ್ಕೊಡ್ತೀನಿ” ಎಂದಷ್ಟೇ ಹೇಳಿದ.

ಬಾಗಿಲು ಮಾಡಿಕೊಟ್ಟ. ಆಮೇಲೆ ಕಿಟಕಿಗಳು. ಆಮೇಲೆ ದೇವರ ಮನೆಯ ಮಂಟಪ, ಪಂಕಜಾ ಅವರ ಹಳೇ ಕನ್ನಡಿಯ ಚೌಕಟ್ಟು. ಒಂದಕ್ಕೂ ಏನೂ ತೆಗೆದುಕೊಳ್ಳಲಿಲ್ಲ. ಕೊಡಲು ಬಂದರೆ ರೇಗುತ್ತಿದ್ದ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಹೋಗುವುದು, ಹೇಳದೆ ಬರುವುದು. ಚಿದಾನಂದ್ ಅವನಿಗಾಗಿ ಕಾಯತೊಡಗಿದರು. ಕುರ್ಚಿ ಹಾಕಿಕೊಂಡು ಅವನು ಉಜ್ಜುವುದನ್ನೇ ನೋಡುತ್ತ, ಜಮ್ಮುವಿನ ಚಳಿಯ ಕಥೆ ಹೇಳುತ್ತ ಕೂರುತ್ತಿದ್ದರು. ಮನೆಗೆ ಬಂದವರಿಗೆ, “ಇವರು ಸೀನು ಅಂತ. ಒಳಗೊಂದು ಹೊರಗೊಂದು ಇಲ್ಲದ ಮನುಷ್ಯ” ಎಂದು ಪರಿಚಯ ಮಾಡಿಕೊಡುತ್ತಿದ್ದರು. ಆಗ ಸೀನು ತಲೆ ಎತ್ತದೆ ಮರವನ್ನು ಇನ್ನಷ್ಟು ಜೋರಾಗಿ ಉಜ್ಜುತ್ತಿದ್ದ.

“ಅವರ ಮನೆ ಮರವೆಲ್ಲ ಸವೆದು ಹೋಗುತ್ತೆ ಇನ್ನು” ಎಂದಳು ಶಾಲಿನಿ ಒಂದು ದಿನ. “ಹೇಳೋ ಮಾತು ಒಂದೇ ಅಲ್ವಾ. ಬೈಯೋಕೆ ಇರೋ ಬಾಯಿ ಇದಕ್ಕಿಲ್ವಾ ನಿನಗೆ?”

ರಾಮನವಮಿ ಬಂತು. ಸೀನು ಯಡಿಯೂರಿಗೆ ಹೋದ. ಸಂಜೆಯ ಮೊದಲ ಕಛೇರಿಗೆ ಯಾರೋ ಪಿಟೀಲಿನವರು ಕೂತಿದ್ದರು. ಚಿದಾನಂದ್ ಜನರ ನಡುವೆ, ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲಿದ್ದರು. ಪಿಟೀಲಿನವರು ಶ್ರುತಿ ಮಾಡಿಕೊಳ್ಳಲು ಶುರು ಮಾಡಿದಾಗ, ಚಿದಾನಂದ್ ಕೈ ಎತ್ತಿ ಎರಡೂ ಮಿಷಿನ್ ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಕಛೇರಿ ಮುಗಿಯುವ ತನಕ ಹಾಗೇ ಕೂತಿದ್ದರು. ಎಲ್ಲರೂ ಚಪ್ಪಾಳೆ ಹೊಡೆದಾಗ ತಾವೂ ಹೊಡೆದರು.

ಅದನ್ನು ನೋಡಿದ ಮೇಲೆ ಸೀನುವಿಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಜಯನಗರಕ್ಕೆ ಹೋದ. ಕುರ್ಚಿಯಲ್ಲಿ ಕೂರಲಿಲ್ಲ.

“ಸಾರ್, ನಾನೇ ಉಜ್ಜಿದ್ದು” ಎಂದ.

“ಏನು? ಸ್ವಲ್ಪ ಜೋರಾಗಿ ಹೇಳಿ.”

ಊರಿಗೆಲ್ಲ ಕೇಳುವಂತೆ ಬೈಯುವವನ ಮಾತು ಅವತ್ತು ಎದುರಿಗಿದ್ದವರಿಗೂ ತಲುಪಲಿಲ್ಲ. ಮತ್ತೆ ಹೇಳಿದ. ಚಿದಾನಂದ್ ಕಿವಿಗೆ ಅಂಗೈ ಒಡ್ಡಿ ಮುಂದಕ್ಕೆ ಬಾಗಿದರು. ಮೂರನೆಯ ಸಲ ಅವನು ಕೂಗಿಯೇ ಹೇಳಬೇಕಾಯಿತು. ಎದುರುಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವರು ಇಣುಕಿ ನೋಡಿದರು.

“ಕುದುರೆ ಅಡಿ ನಾನೇ ಉಜ್ಜಿದ್ದು ಸಾರ್. ಎಲ್ಲಾ ಮಟ್ಟ ಮಾಡಿ, ಜಾಗ ಅದಲು ಬದಲು ಮಾಡಿ ಇಟ್ಟೆ. ಗೊತ್ತಿಲ್ದೆ ಮಾಡ್ದೆ. ನೀವು ಕೇಳಿದಾಗ ಸುಳ್ಳು ಹೇಳ್ದೆ. ಶ್ರುತಿ ಜಾರಿದ್ದು ಅದಕ್ಕೆ. ನಿಮ್ಮ ಕಿವಿ ಸರಿಯಾಗಿತ್ತು.”

ಚಿದಾನಂದ್ ನಕ್ಕರು. ಅದು ಮಕ್ಕಳ ಮಾತಿಗೆ ನಗುವಂಥ ನಗು.

“ನಿನ್ನೆ ಪೆಂಡಾಲಲ್ಲಿ ನನ್ನನ್ನ ನೋಡಿದ್ರಿ ಅಲ್ವಾ? ಕನಿಕರ ಬಂತು ನಿಮಗೆ.”

“ಕನಿಕರ ಅಲ್ಲ ಸಾರ್. ನಿಜ.”

“ಧೃತಿನೂ ಹೀಗೇ ಹೇಳಿದಳು. ಕುದುರೆ ಸರಿ ಇರಲಿಲ್ಲ, ಹೊಸದು ಮಾಡಿಸಿ ಹಾಕಿದೆ, ಈಗ ಚೆನ್ನಾಗಿದೆ, ವಾಪಸ್ ತಂದುಕೊಡ್ಲಾ ಅಂತ. ಮೊನ್ನೆ ನೀವು, ಅವಳು ಮಾತಾಡಿಕೊಂಡ್ರಾ ಹೇಗೆ?”

“ಅವರು ಯಾರು ಅಂತಾನೇ ನನಗೆ ಗೊತ್ತಿಲ್ಲ ಸಾರ್. ಆ ಹಳೇ ಕುದುರೆ ತರಿಸಿ. ಅಡಿ ತೋರಿಸ್ತೀನಿ.”

“ಅದನ್ನೆಲ್ಲ ಅವಳು ಸ್ನಾನದ ಒಲೆಗೆ ಹಾಕಿದಳಂತೆ.” ಚಿದಾನಂದ್ ಎದ್ದು ಬಂದು ಅವನ ಭುಜದ ಮೇಲೆ ಕೈ ಇಟ್ಟರು. “ಸೀನು, ನೀವು ಅವತ್ತು ಸಿಟ್ಟಿನಲ್ಲಿದ್ರಿ. ಸಿಟ್ಟಲ್ಲಿ ಬಂದದ್ದು ನಿಜ. ಇವತ್ತು ಹೇಳ್ತಿರೋದು ನಿಮ್ಮ ಒಳ್ಳೇತನ. ಡಾಕ್ಟ್ರು ಗ್ರಾಫ್ ಕೂಡ ಸುಳ್ಳು ಹೇಳುತ್ತಾ? ಬಿಡಿ. ಮುದುಕನಿಗೆ ಸಮಾಧಾನ ಮಾಡೋಕೆ ತಮ್ಮ ಮೇಲೆ ತಪ್ಪು ಹೊತ್ಕೊಳ್ಳೋರು ಎಷ್ಟು ಜನ ಇದ್ದಾರೆ ಈ ಕಾಲದಲ್ಲಿ.”

ಸೀನುವಿಗೆ ಸಿಟ್ಟು ನೆತ್ತಿಗೇರಿತು. ಅವರ ಎರಡೂ ಭುಜ ಹಿಡಿದು ಅಲ್ಲಾಡಿಸಿ ನಂಬಿ ಎನ್ನಬೇಕೆನಿಸಿತು. ಇಷ್ಟು ವರ್ಷ ಬೇಡದ ಕಡೆಯೆಲ್ಲ ಕೆಲಸಕ್ಕೆ ಬಂದಿದ್ದ ಆ ಸಿಟ್ಟು ಈಗ ಯಾವ ಕೆಲಸಕ್ಕೂ ಬರಲಿಲ್ಲ. ಕೈಮುಗಿದು ಹೊರಗೆ ಬಂದ.

ಗೇಟಿನ ಹತ್ತಿರ ಪಂಕಜಾ ಹಿಂದೆಯೇ ಬಂದರು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು.

“ನೀವು ಹೇಳಿದ್ದು ನಿಜಾನಾ?”

“ನಿಜ ಅಮ್ಮ.”

ಅವರು ಗೇಟಿನ ಕಂಬಿ ಹಿಡಿದುಕೊಂಡು ನಿಂತರು. ಬೈಯುತ್ತಾರೆ ಎಂದು ಸೀನು ಕಾದ. ಬೈದರೆ ಒಳ್ಳೆಯದಿತ್ತು.

“ಅಣ್ಣನ್ನ ನಾನು ಮೊದಲಿಂದ ನೋಡಿದೀನಿ” ಎಂದರು ಪಂಕಜಾ. “ಒಂದು ತೀರ್ಮಾನ ಮಾಡಿದ್ರೆ ಮುಗೀತು. ಧೃತಿ ಅತ್ತು ಕರೆದರೂ ಕೇಳಲಿಲ್ಲ. ನಾನು ನಿಮ್ಮನ್ನ ನಂಬ್ತೀನಿ. ಆದ್ರೆ ನಾನು ನಂಬಿ ಏನಾಗಬೇಕು ಹೇಳಿ. ಬೆಳಿಗ್ಗೆ ಎದ್ದರೆ ಆ ಪೆಟ್ಟಿಗೆ ಸದ್ದಿಗೇ ನಾನು ಹಾಲು ಕಾಯಿಸ್ತಿದ್ದೆ. ಈಗ ಹಾಲು ಉಕ್ಕೋದು ಕೇಳಿಸುತ್ತೆ.”

ಒಳಗಿನಿಂದ ಚಿದಾನಂದ್ ಕೂಗಿದರು: “ಪಂಕಜಾ, ಅವರನ್ನ ಹಾಗೇ ಕಳಿಸಬೇಡ. ನಿನ್ನೆಯ ಕೋಸಂಬರಿ ಇಲ್ಲದಿದ್ರೆ ಹಣ್ಣಾದ್ರೂ ಕೊಟ್ಟು ಕಳಿಸು.”

ಪಂಕಜಾ ಒಳಗೆ ಹೋಗಿ ಎರಡು ಬಾಳೆಹಣ್ಣು ತಂದು ಅವನ ಕೈಯಲ್ಲಿಟ್ಟರು. ಮುಖ ನೋಡಲಿಲ್ಲ. ಸೀನು ಬೇಡ ಎನ್ನಲಿಲ್ಲ. ಬೇಡ ಎನ್ನುವ ಹಕ್ಕು ತನಗಿಲ್ಲ ಎನಿಸಿತು.

ಚಿದಾನಂದ್ ಈಗಲೂ ಆಗಾಗ ಫೋನ್ ಮಾಡಿ, ಈ ಕಡೆ ಬಂದಾಗ ಬಂದು ಹೋಗಿ ಎನ್ನುತ್ತಾರೆ. ಸೀನು ಹೋಗುತ್ತಾನೆ. ಅವರು ಹೇಳುವ ಜಮ್ಮುವಿನ ಕಥೆ ಕೇಳುತ್ತಾನೆ, ಅವರು ಕೊಡಿಸುವ ಕಾಫಿ ಕುಡಿಯುತ್ತಾನೆ. ಬಂದವರ ಮುಂದೆ ಅವರು ಇವನ ಪ್ರಾಮಾಣಿಕತೆ ಹೊಗಳುವಾಗ ಎದ್ದು ಹೋಗದೆ ಕೂತಿರುತ್ತಾನೆ. ತಮ್ಮ ಕಿವಿಯ ಮೇಲೆ ಅವರಿಗಿದ್ದ ನಂಬಿಕೆಯನ್ನು ಕಿತ್ತುಕೊಂಡಿದ್ದ, ಅದನ್ನು ಹಿಂದಕ್ಕೆ ಕೊಡಲು ಹೋದ. ಅವರು ತೆಗೆದುಕೊಳ್ಳಲಿಲ್ಲ. ಆ ಸಾಲ ತೀರಿಲ್ಲ.